ಯುದ್ಧ ತೋರಿಸ್ಲಿಲ್ಲ ಅಂತಲ್ಲ ಬೇಜಾರು: ಹೌಸ್ ಆಫ್ ದ ಡ್ರಾಗನ್ ಎರಡನೇ ಸೀಸನ್ನಿನ ಕೊನೇ ಎಪಿಸೋಡ್ ಕೈಕೊಟ್ಟಿದ್ದು ಎಲ್ಲಿ?

2024ರ ಆಗಸ್ಟ್ 5, ಸೋಮವಾರ ಬೆಳಗ್ಗೆ ಆರೂವರೆಗೆ ಜಿಯೋಸಿನಿಮಾದಲ್ಲಿ ಹೌಸ್ ಆಫ್ ದ ಡ್ರಾಗನ್ (ಎಚ್‌ಬಿಓ ಚಾನೆಲ್ಲಿನ ಸೀರೀಸು, ಗೇಮ್ ಆಫ್ ಥ್ರೋನ್ಸ್‌ಗಿಂತ ಎಷ್ಟೋ ತಲೆಮಾರು ಹಿಂದಿನ ಕಥೆ) ಎರಡನೇ ಸೀಸನ್ನಿನ ಕೊನೇ ಎಪಿಸೋಡ್ ಬಂತು. ಎಂಟು ಗಂಟೆ ಹೊತ್ತಿಗೆ ಅದನ್ನ ನೋಡಿ ಮುಗಿಸಿದೋರೆಲ್ಲ ಕೇಳ್ತಿದ್ದಿದ್ದು ಒಂದೇ ಪ್ರಶ್ನೆ, ಅಷ್ಟೇನಾ? ಸೈನ್ಯ ನಡೀತಾ ಇದೆ, ಹಡಗು ಹೊರಟಿದೆ, ಡ್ರಾಗನ್‌ಗಳು ರೆಡಿ, ಮ್ಯೂಸಿಕ್ ಏರ್ತಾ ಏರ್ತಾ ಹೋಗ್ತಿದೆ, ಈಗ ಏನೋ ಆಗುತ್ತೆ ಈಗ ಏನೋ ಆಗುತ್ತೆ ಅಂತ ಸೋಫಾ ತುದಿಗೆ ಬಂದು ಕೂತ್ರೆ ಸ್ಕ್ರೀನ್ ಕಪ್ಪಾಗಿ ಹೆಸರುಗಳು ಬರೋಕೆ ಶುರು. ಅಲ್ಲಿಂದ ಮುಂದಿನ ಸೀಸನ್ನಿಗೆ ಹತ್ತತ್ರ ಎರಡು ವರ್ಷ ಕಾಯ್ಬೇಕು.

ಆ ಎಪಿಸೋಡ್ ಬಗ್ಗೆ ಬೈಗುಳ ಸಿಕ್ಕಾಪಟ್ಟೆ ಬಂತು, ಈಗ್ಲೂ ಬರ್ತಾನೇ ಇದೆ. ಅದರಲ್ಲಿ ಮುಕ್ಕಾಲು ಪಾಲು "ಯುದ್ಧ ಎಲ್ಲಿ, ಬರೀ ಬಿಲ್ಡಪ್ಪು" ಅನ್ನೋದು. ನಂಗೂ ಆ ಎಪಿಸೋಡ್ ಇಷ್ಟ ಆಗ್ಲಿಲ್ಲ, ಆದ್ರೆ ಈ ಕಾರಣ ಮಾತ್ರ ನಾನು ಒಪ್ಪಲ್ಲ. ಯುದ್ಧ ಇಲ್ಲದೇನೇ ಇದೇ ಸೀರೀಸು ನಮ್ಮನ್ನ ಅಲ್ಲಾಡದ ಹಾಗೆ ಕೂರಿಸಿದ್ದಿದೆ, ಹಾಗಾಗಿ ಎಡವಟ್ಟು ಬೇರೆಲ್ಲೋ ಆಗಿದೆ. ಎಲ್ಲಿ ಅಂತ ನೋಡೋಣ. ಇನ್ನೂ ನೋಡಿಲ್ಲದೋರು ಇಲ್ಲಿಗೇ ನಿಲ್ಲಿಸಿಬಿಡಿ, ಮುಂದೆ ಎಲ್ಲಾ ಸ್ಪಾಯ್ಲರ್ರೇ.

ನೋಡಿ ತುಂಬಾ ದಿನ ಆದೋರಿಗೆ ಒಂದೆರಡು ಮಾತಲ್ಲಿ ಕಥೆ ನೆನಪಿಸ್ತೀನಿ. ರಾಜ ವಿಸೇರಿಸ್ ಮಗಳು ರೆನೀರಾಗೆ ಪಟ್ಟ ಅಂತ ಎಲ್ಲರ ಹತ್ರ ಆಣೆ ಮಾಡಿಸಿದ್ದ, ಅವನು ಸತ್ತ ಮೇಲೆ ಎರಡನೇ ಹೆಂಡತಿ ಆಲಿಸೆಂಟ್ ಕಡೆಯೋರು ಅವಳ ಮಗ ಏಗಾನ್‌ನ ಸಿಂಹಾಸನದಲ್ಲಿ ಕೂರಿಸಿದ್ರು. ರೆನೀರಾ ಮತ್ತೆ ಆಲಿಸೆಂಟ್ ಚಿಕ್ಕಂದಿನ ಗೆಳತಿಯರು. ದಾಯಾದಿ ಜಗಳ, ಎರಡು ಕಡೆನೂ ಡ್ರಾಗನ್. ಮೊದಲ ಸೀಸನ್ 2022ರಲ್ಲಿ ಬಂತು, ಕೊನೇಲಿ ರೆನೀರಾ ಮಗ ಲ್ಯೂಸೆರಿಸ್‌ನ ಏಗಾನ್ ತಮ್ಮ ಏಮಂಡ್ ಏರಿ ಬಂದ ವೇಗರ್ ಅನ್ನೋ ದೈತ್ಯ ಡ್ರಾಗನ್ ಆಕಾಶದಲ್ಲೇ ನುಂಗಿ ಹಾಕುತ್ತೆ. ರೆನೀರಾ ತಿರುಗಿ ಕ್ಯಾಮೆರಾ ಕಡೆ ನೋಡ್ತಾಳೆ, ಆ ಮುಖದಲ್ಲೇ ಗೊತ್ತಾಗಿಬಿಡುತ್ತೆ ಇನ್ನು ಸಂಧಾನದ ಮಾತಿಲ್ಲ ಅಂತ. ಅಲ್ಲಿಂದ ಕಾದು ಕೂತಿದ್ದ ಜನ ನಾವು.

ಈಗ ಆ ಮೊದಲ ಸೀಸನ್ನಿನ ಎಂಟನೇ ಎಪಿಸೋಡ್ ನೆನಪಿಸಿಕೊಳ್ಳಿ. ರಾಜನಿಗೆ ಕಾಯಿಲೆ ವಿಪರೀತ ಆಗಿ ಅರ್ಧ ಮುಖ ಕೊಳೆತು ಹೋಗಿದೆ, ಅದಕ್ಕೆ ಬಂಗಾರದ ಮುಖವಾಡ. ದರ್ಬಾರಲ್ಲಿ ರೆನೀರಾ ಮಕ್ಕಳ ಹಕ್ಕಿನ ಬಗ್ಗೆ ತೀರ್ಪು ಆಗ್ತಾ ಇದೆ, ಅವನು ಬರಲ್ಲ ಅಂತಾನೇ ಎಲ್ಲರ ಲೆಕ್ಕ. ಬಾಗಿಲು ತೆಗೆಯುತ್ತೆ, ಕೋಲೂರಿಕೊಂಡು ಬರ್ತಾನೆ. ಬಾಗಿಲಿಂದ ಸಿಂಹಾಸನದವರೆಗೆ ಆ ಮನುಷ್ಯ ನಡೆಯೋದನ್ನ ಪೂರ್ತಿ ತೋರಿಸ್ತಾರೆ, ಎಲ್ಲೂ ಅವಸರ ಇಲ್ಲ, ಒಂದೊಂದು ಹೆಜ್ಜೆಗೂ ಉಸಿರು ಎಳ್ಕೊಳ್ತಾನೆ, ಯಾರಾದ್ರೂ ಕೈ ಹಿಡಿಯೋಕೆ ಬಂದ್ರೆ ಬೇಡ ಅಂತಾನೆ, ಮೆಟ್ಟಿಲ ಹತ್ರ ಕಿರೀಟ ಜಾರಿ ಬೀಳುತ್ತೆ. ಅದನ್ನ ಎತ್ತಿ ಅವನ ತಲೆ ಮೇಲೆ ಇಡೋನು ಯಾರು, ಜೀವನ ಪೂರ್ತಿ ಅದೇ ಕಿರೀಟಕ್ಕೆ ಆಸೆಪಟ್ಟ ತಮ್ಮ ಡೇಮನ್. ಒಂದು ಡ್ರಾಗನ್ ಬೆಂಕಿ ಉಗುಳಿಲ್ಲ. ಒಬ್ಬನ ತಲೆ ಹೋಗುತ್ತೆ ನಿಜ, ಅದೂ ಒಂದೇ ಏಟಿಗೆ. ಆಮೇಲೆ ಒಂದು ಊಟದ ಸೀನು, ರಾತ್ರಿ ರಾಜ ಸಾಯೋ ಹೊತ್ತಿಗೆ ಹೆಂಡತೀನ ಮಗಳು ಅಂದ್ಕೊಂಡು ಏನೋ ಗೊಣಗ್ತಾನೆ, ಅವಳು ಅದನ್ನ ತಪ್ಪಾಗಿ ಅರ್ಥ ಮಾಡ್ಕೊಳ್ತಾಳೆ, ಮುಂದಿನ ಇಡೀ ಯುದ್ಧ ಆ ಒಂದು ತಪ್ಪು ತಿಳುವಳಿಕೆ ಮೇಲೆ ನಿಂತಿದೆ. ಆ ಎಪಿಸೋಡ್ ನಿರ್ದೇಶನ ಮಾಡಿದ್ದು ಗೀತಾ ವಸಂತ್ ಪಟೇಲ್. ಈಗ ಎಲ್ಲರೂ ಬೈತಾ ಇರೋ ಎರಡನೇ ಸೀಸನ್ನಿನ ಕೊನೇ ಎಪಿಸೋಡನ್ನ ನಿರ್ದೇಶನ ಮಾಡಿದ್ದೂ ಅವರೇ! ಹಾಗಾಗಿ ನಿರ್ದೇಶಕಿಗೆ ಕೈ ಓಡಲ್ಲ, ಯುದ್ಧ ಇಲ್ದಿದ್ರೆ ಸಪ್ಪೆ ಆಗುತ್ತೆ, ಈ ಎರಡೂ ವಾದ ಇಲ್ಲೇ ಬಿದ್ದು ಹೋಯ್ತು.

ನಮ್ಮ ಕಡೆ ತಾಳಮದ್ದಳೆ ಕೇಳಿ ಬೆಳೆದೋರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣಸಂಧಾನ ಪ್ರಸಂಗದಲ್ಲಿ ಯುದ್ಧ ಎಲ್ಲಿದೆ? ಇರೋದೆಲ್ಲ ಯುದ್ಧದ ಹಿಂದಿನ ಮಾತುಕತೆ. ವೇಷ ಇಲ್ಲ, ಕುಣಿತ ಇಲ್ಲ, ನಾಲ್ಕೈದು ಜನ ಪಂಚೆ ಉಟ್ಟು ಕೂತು ಮಾತಾಡ್ತಾರೆ, ಜನ ಬೆಳಗಿನ ಜಾವದ ತನಕ ಎದ್ದಿರ್ತಾರೆ. ಯಾಕೆ ಅಂದ್ರೆ ಪ್ರತಿ ಮಾತಿಗೂ ಒಂದೊಂದು ಬಾಗಿಲು ಮುಚ್ಕೊಳ್ತಾ ಹೋಗುತ್ತೆ. ಐದು ಊರಾದ್ರೂ ಕೊಡು ಅಂದ್ರೆ ಕೌರವ ಅದೂ ಆಗಲ್ಲ ಅಂತಾನೆ, ಅಲ್ಲಿಗೆ ಒಂದು ಮುಗೀತು. ಕೃಷ್ಣನಿಗೆ ಮನೇಲಿ ಊಟ ಹಾಕಿದ್ದಕ್ಕೆ ವಿದುರನಿಗೆ ತುಂಬಿದ ಸಭೇಲಿ ಅವಮಾನ ಆಗುತ್ತೆ, ಅವನು ಬಿಲ್ಲನ್ನೇ ಮುರಿದು ಹಾಕ್ತಾನೆ, ಆ ಬಿಲ್ಲು ಇನ್ನು ಕೌರವನ ಪರವಾಗಿ ಎದ್ದೇಳಲ್ಲ. ಕರ್ಣನಿಗೆ ತಾನ್ಯಾರು ಅಂತ ಗೊತ್ತಾಗುತ್ತೆ, ಗೊತ್ತಾದ ಮೇಲೂ ಅವನು ಈ ಕಡೆನೇ ಉಳೀತಾನೆ. ಇಷ್ಟೆಲ್ಲ ಆದ ಮೇಲೆ ಒಂದು ಬಾಣ ಬಿಡದೆ ಇದ್ರೂ ಕೇಳೋನಿಗೆ ಹೊಟ್ಟೆ ತುಂಬುತ್ತೆ, ಯಾಕಂದ್ರೆ ಯಾರೂ ಹಿಂದೆ ಹೋಗೋ ಹಾಗಿಲ್ಲ. ಯುದ್ಧದ ಮುಂಚಿನ ಸಂಚಿಕೆ ಅಂದ್ರೆ ಹಿಂಗಿರಬೇಕು ಮಾರಾಯ್ರೆ.

ಈ ಅಳತೆಗೋಲು ಹಿಡ್ಕೊಂಡು ಆ ಕೊನೇ ಎಪಿಸೋಡ್ ನೋಡಿ. ಶುರು ಎಲ್ಲಿಂದ? ಸಮುದ್ರದ ಆಚೆ ಕಡೆಯಿಂದ. ಏಗಾನ್ ಕಡೆಯ ಟೈಲಂಡ್ ಲ್ಯಾನಿಸ್ಟರ್ ಹಡಗು ಬಾಡಿಗೆಗೆ ಕೇಳೋಕೆ ಹೋಗಿದ್ದಾನೆ, ಅಲ್ಲಿ ಶರಾಕೋ ಲೋಹಾರ್ ಅನ್ನೋ ಹೊಸ ನೌಕಾಪತಿ ಪರಿಚಯ, ಅವಳ ಜೊತೆ ಕೆಸರಲ್ಲಿ ಕುಸ್ತಿ, ಆಮೇಲೆ ಕುಡಿತ, ಆಮೇಲೆ ನನ್ನ ಹೆಂಡತಿಯರಿಗೆ ಮಕ್ಕಳು ಕೊಡ್ತೀಯಾ ಅನ್ನೋ ಜೋಕು. ಸೀನ್ ಬಿಡಿ, ಬೇರೆ ಕಡೆ ಇದ್ದಿದ್ರೆ ನಗು ಬರ್ತಿತ್ತು, ನಟಿಸಿದೋರೂ ಚೆನ್ನಾಗೇ ಮಾಡಿದಾರೆ. ಆದ್ರೆ ಏಳು ವಾರ ಬೆಳೆಸಿಕೊಂಡು ಬಂದ ಪಾತ್ರಗಳು ಎಲ್ಲೆಲ್ಲೋ ನೇತಾಡ್ತಾ ಇರೋವಾಗ, ಕೈಯಲ್ಲಿ ಉಳಿದಿರೋದು ಒಂದು ಗಂಟೆ ಚಿಲ್ಲರೆ ಟೈಮು ಅನ್ನೋವಾಗ, ಹೊಸ ಪಾತ್ರ ತಂದು ಕೆಸರಲ್ಲಿ ಉರುಳಾಡಿಸ್ತಾರಾ? ಹೊಸ ಪಾತ್ರದ ಪ್ರವೇಶ ಅನ್ನೋದು ಸೀಸನ್ ಇನ್ನೂ ಮೂರ್ನಾಲ್ಕು ವಾರ ಇದೆ ಅನ್ನೋವಾಗ ಮಾಡೋ ಕೆಲಸ, ಈ ಮಾತು ಆಮೇಲೆ ಬೇಕಾಗುತ್ತೆ.

ಡೇಮನ್ ಕಥೆ ಇನ್ನೊಂದು. ಮೂರನೇ ಎಪಿಸೋಡಲ್ಲಿ ಹ್ಯಾರೆನ್‌ಹಾಲ್ ಅನ್ನೋ ಪಾಳು ಕೋಟೆಗೆ ಹೋದೋನು ಸೀಸನ್ ಮುಗಿಯೋತನಕ ಅಲ್ಲೇ. ದಿನಾ ಕನಸು, ದಿನಾ ಭ್ರಮೆ, ಸತ್ತೋರೆಲ್ಲ ಬಂದು ಮಾತಾಡ್ತಾರೆ. ಶುರುವಲ್ಲಿ ಚೆನ್ನಾಗಿತ್ತು, ಆಮೇಲಾಮೇಲೆ ಇವನನ್ನ ಯಾರಾದ್ರೂ ಅಲ್ಲಿಂದ ಎಬ್ಬಿಸಿ ಅನ್ನೋ ಹಾಗಾಯ್ತು. ಪ್ರಶ್ನೆ ಏನೋ ದೊಡ್ಡದೇ, ಸೈನ್ಯ ಕಟ್ಟಿಕೊಂಡು ಇವನು ಹೆಂಡತಿ ರೆನೀರಾ ಪರ ನಿಲ್ತಾನೋ ತಾನೇ ರಾಜ ಅಂತಾನೋ? ಕೊನೇ ಎಪಿಸೋಡಲ್ಲಿ ಉತ್ತರ ಸಿಗುತ್ತೆ. ಹೇಗೆ ಅಂದ್ರೆ ಒಂದು ಮರದ ಮೇಲೆ ಕೈ ಇಡ್ತಾನೆ, ದರ್ಶನ ಆಗುತ್ತೆ. ಹಿಮದ ಕಡೆಯಿಂದ ಬರೋ ಸತ್ತವರ ಸೈನ್ಯ, ಕೆಂಪು ಧೂಮಕೇತು, ಎಷ್ಟೋ ತಲೆಮಾರು ಆದ ಮೇಲೆ ಬರೋ ಡೇನೆರಿಸ್, ಅವಳ ಮೂರು ಮರಿ ಡ್ರಾಗನ್, ಸಿಂಹಾಸನದ ಮೇಲೆ ರೆನೀರಾ. ಕಣ್ಣು ಬಿಟ್ಟು ಬಂದು ಮಂಡಿಯೂರ್ತಾನೆ. ನೋಡೋಕೆ ಸಖತ್ತಾಗಿದೆ, ಹಳೇ ಗೇಮ್ ಆಫ್ ಥ್ರೋನ್ಸ್ ಅಭಿಮಾನಿಗಳಿಗೆ ರೋಮಾಂಚನ ಆಗ್ಲಿ ಅಂತಾನೇ ಇಟ್ಟಿರೋದು. ಆದ್ರೆ ಮನುಷ್ಯನೊಳಗಿನ ಜಗಳನ ಇವರು ಮನುಷ್ಯನ ಕೈಯಲ್ಲಿ ಮುಗಿಸ್ಲಿಲ್ಲ, ಭವಿಷ್ಯವಾಣಿ ಕೈಯಲ್ಲಿ ಮುಗಿಸಿದ್ರು. ಕರ್ಣ ಎಲ್ಲ ಗೊತ್ತಾದ ಮೇಲೆ ತಾನೇ ನಿರ್ಧಾರ ಮಾಡ್ತಾನೆ, ಅದಕ್ಕೇ ಅದು ಚುಚ್ಚುತ್ತೆ. ಡೇಮನ್‌ಗೆ ರಿಸಲ್ಟ್ ಮೊದಲೇ ತೋರಿಸಿಬಿಟ್ರು, ಅವನು ಸೈನ್ ಹಾಕಿದ ಅಷ್ಟೇ.

ಡೇಮನ್ ಮಗಳು ರೇನಾ ಅನ್ನೋ ಹುಡುಗಿದು ಪಾಪ ಇನ್ನೂ ಕೆಟ್ಟ ಪರಿಸ್ಥಿತಿ. ಕಾಡು ಡ್ರಾಗನ್ ಹುಡುಕ್ಕೊಂಡು ಗುಡ್ಡ ಬೆಟ್ಟ ಸುತ್ತಿ ಸುತ್ತಿ ಕೊನೇಗೆ ಅದು ಎದುರಿಗೆ ಬಂತು, ಸದ್ಯ ಅಂದ್ಕೊಂಡ್ರೆ ಕಟ್. ಹತ್ತಿದ್ಲಾ, ಸುಟ್ಟು ಹೋದ್ಲಾ? ಮುಂದಿನ ಸೀಸನ್ನಲ್ಲಿ ನೋಡ್ಕೊಳ್ಳಿ.

ಈಗ ಮುಖ್ಯವಾದ ಸೀನಿಗೆ ಬರ್ತೀನಿ, ಯಾಕಂದ್ರೆ ಈ ಎಪಿಸೋಡನ್ನ ಪೂರ್ತಿ ತೆಗೆದು ಹಾಕೋಕೂ ನಂಗೆ ಮನಸ್ಸಿಲ್ಲ. ಆಲಿಸೆಂಟ್ ಗುಟ್ಟಾಗಿ ರೆನೀರಾ ಇರೋ ಡ್ರಾಗನ್‌ಸ್ಟೋನ್ ಕೋಟೆಗೆ ಬರ್ತಾಳೆ, ಹಳೇ ಗೆಳತಿ ಎದುರು ನಿಂತು ನನ್ನ ಮಗ ಏಮಂಡ್ ಊರಲ್ಲಿಲ್ಲದ ಹೊತ್ತಲ್ಲಿ ಬಾ, ಬಾಗಿಲು ತೆಗೆಸ್ತೀನಿ, ರಾಜಧಾನಿ ತಗೋ ಅಂತಾಳೆ. ಯುದ್ಧಕ್ಕೆ ಮೂಲ ಆದೋಳೇ ಬಂದು ಸಾಕಾಯ್ತು ಅಂತಿದ್ದಾಳೆ. ರೆನೀರಾ ಸುಮ್ನೆ ಒಪ್ಪಲ್ಲ. ಏಗಾನ್ ಏನಾಗ್ತಾನೆ ಅಂತ ಕೇಳ್ತಾಳೆ. ಅವನ ತಲೆ ಎಲ್ಲರ ಎದುರು ಹೋಗ್ಲೇಬೇಕು, ಇಲ್ದಿದ್ರೆ ನಾನು ಗೆದ್ದ ಹಾಗಲ್ಲ, ನನ್ನ ಮಗನೂ ಹೋಗಿದ್ದಾನೆ ಅಂತಾಳೆ. ಆಲಿಸೆಂಟ್ ಮುಖ ನೋಡಿ ಆಗ, ಒಲಿವಿಯಾ ಕುಕ್ ಮಾತಿಗಿಂತ ಜಾಸ್ತಿ ನುಂಗಿ ನುಂಗಿ ನಟಿಸ್ತಾರೆ, ಒಂದು ತಾಯಿ ಒಂದು ಮಗನನ್ನ ಬಿಟ್ಟುಕೊಡೋಕೆ ಹೂಂ ಅನ್ನೋ ಕ್ಷಣ ಅದು. ಎದುರಿಗೆ ರೆನೀರಾ ಆಗಿರೋ ಎಮ್ಮಾ ಡಾರ್ಸಿ ಸಿಟ್ಟಲ್ಲೂ ಅಸಹಾಯಕರ ಹಾಗೆ ಕಾಣ್ತಾರೆ. ಇಡೀ ಸೀಸನ್ನಿನ ಒಳ್ಳೇ ಐದು ನಿಮಿಷಗಳಲ್ಲಿ ಇದೂ ಒಂದು ಅಂತ ನಾನು ಯಾರ ಹತ್ರ ಬೇಕಾದ್ರೂ ವಾದ ಮಾಡ್ತೀನಿ.

ಹಾಗಾದ್ರೆ ಇದು ಬಾಗಿಲು ಮುಚ್ಚಿದ ಹಾಗಲ್ವಾ? ಮುಚ್ಚಬೇಕಿತ್ತು. ಆದ್ರೆ ಅದೇ ಎಪಿಸೋಡಲ್ಲಿ ರಾಜನ ಗೂಢಚಾರರ ಮುಖ್ಯಸ್ಥ ಲ್ಯಾರಿಸ್ ಬಂದು ಸುಟ್ಟು ಮಲಗಿರೋ ಏಗಾನ್‌ನ ಊರು ಬಿಟ್ಟು ಹೋಗೋಣ ಬಾ ಅಂತ ಒಪ್ಪಿಸಿ ಹೊರಡಿಸಿ ಆಗಿದೆ. ಅಂದ್ರೆ ಆಲಿಸೆಂಟ್ ಎದೆ ಕಲ್ಲು ಮಾಡ್ಕೊಂಡು ಕೊಡ್ತೀನಿ ಅಂದ ತಲೆ ಆಗ್ಲೇ ಅಲ್ಲಿಲ್ಲ, ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಇದನ್ನ ದುರಂತದ ವ್ಯಂಗ್ಯ ಅಂತ ಸಮರ್ಥನೆ ಮಾಡ್ಬಹುದು, ಕೆಲವರು ಮಾಡಿದ್ದಾರೆ, ಒಪ್ಪೋಣ. ಆದ್ರೆ ವ್ಯಂಗ್ಯ ತಟ್ಟಬೇಕಾದ್ರೆ ಅವಳು ವಾಪಸ್ ಹೋಗಿ ಖಾಲಿ ಹಾಸಿಗೆ ನೋಡ್ಬೇಕು. ಆ ಸೀನ್ ಇಲ್ಲ. ಅದರ ಮೇಲೆ ಮೂರನೇ ಎಪಿಸೋಡಲ್ಲಿ ರೆನೀರಾ ಇದೇ ಥರ ವೇಷ ಮರೆಸಿಕೊಂಡು ಶತ್ರುವಿನ ಊರಿಗೆ ಹೋಗಿ ಆಲಿಸೆಂಟ್‌ನ ಗುಡಿಯಲ್ಲಿ ಭೇಟಿ ಆಗಿದ್ಲು, ಆಗ್ಲೇ ಆ ಹಳೇ ತಪ್ಪು ತಿಳುವಳಿಕೆ ಬಯಲಾಗಿ ಆಲಿಸೆಂಟ್ "ಈಗ ಏನೂ ಮಾಡೋಕಾಗಲ್ಲ" ಅನ್ನೋ ಹಾಗೆ ಎದ್ದು ಹೋಗಿದ್ಲು. ಅದು ಎಷ್ಟು ಚೆನ್ನಾಗಿ ಮುಚ್ಚಿದ ಬಾಗಿಲು! ಐದು ವಾರ ಬಿಟ್ಟು ಅದನ್ನ ಇವರೇ ತೆಗೆದ್ರು, ತೆಗೆದಿದ್ದನ್ನ ಅರ್ಧಕ್ಕೆ ಬಿಟ್ರು.

ಇದಕ್ಕಿಂತ ವಿಚಿತ್ರ ಅಂದ್ರೆ ಸೀಸನ್ನಿಗೆ ಹೇಳಿ ಮಾಡಿಸಿದ ಕೊನೆ ಒಂದು ಅವರ ಕೈಯಲ್ಲೇ ಇತ್ತು, ಒಂದು ವಾರ ಮುಂಚೆ, ಏಳನೇ ಎಪಿಸೋಡಲ್ಲಿ. ರಾಜವಂಶದ ರಕ್ತ ಎಲ್ಲೋ ಒಂಚೂರು ಇರೋ ಬಡಪಾಯಿಗಳನ್ನ ಕರೆಸಿ ಡ್ರಾಗನ್ ಎದುರು ನಿಲ್ಲಿಸ್ತಾರೆ, ಎಷ್ಟೋ ಜನ ಸುಟ್ಟು ಕರಕಲಾಗ್ತಾರೆ, ಕಮ್ಮಾರ ಹ್ಯೂ ಮತ್ತೆ ಹೆಂಡದಂಗಡಿ ಗಿರಾಕಿ ಉಲ್ಫ್ ಇಬ್ರಿಗೆ ಡ್ರಾಗನ್ ಒಲಿಯುತ್ತೆ. ಉಲ್ಫ್ ಖುಷಿಗೆ ರಾಜಧಾನಿ ಮೇಲೆ ಹಾರಾಡ್ತಾನೆ, ಅವನನ್ನ ಅಟ್ಟಿಸಿಕೊಂಡು ಏಮಂಡ್ ವೇಗರ್ ಏರಿ ಬರ್ತಾನೆ, ಬಂದು ನೋಡಿದ್ರೆ ಎದುರಿಗೆ ಒಂದಲ್ಲ ಎರಡಲ್ಲ ಮೂರು ಡ್ರಾಗನ್. ಇಷ್ಟು ದಿನ ಯಾರಿಗೂ ಹೆದರದ ಆ ಒಕ್ಕಣ್ಣ ಮೊದಲ ಸಲ ಹೆದರಿ ವೇಗರ್‌ನ ತಿರುಗಿಸ್ತಾನೆ. ರೆನೀರಾ ಅಲ್ಲಾಡದೆ ನಿಂತಿದ್ದಾಳೆ. ಯಾರ ಕೈ ಮೇಲಾಯ್ತು, ಯಾರು ಭಯಬಿದ್ರು, ಮುಂದೆ ಈ ಭಯದಿಂದ ಎಷ್ಟು ಜನ ಸಾಯ್ತಾರೆ ಎಲ್ಲಾ ಒಂದೇ ಶಾಟಲ್ಲಿ ಇದೆ. ಅಲ್ಲಿಗೆ ನಿಲ್ಲಿಸಿದ್ರೆ ಯುದ್ಧ ಇಲ್ಲ ಅಂತ ಒಬ್ಬರೂ ಕೇಳ್ತಿರ್ಲಿಲ್ಲ.

ನಿಲ್ಲಿಸ್ಲಿಲ್ಲ ಯಾಕೆ ಅಂದ್ರೆ ಲೆಕ್ಕಾಚಾರ ಬೇರೆ ಇತ್ತು. ಮೊದಲ ಸೀಸನ್ನಿಗೆ ಹತ್ತು ಎಪಿಸೋಡ್. ಎರಡನೇದು ಎಂಟೇ ಅನ್ನೋ ಸುದ್ದಿ 2023ರ ಮಾರ್ಚಲ್ಲಿ ಹೊರಗೆ ಬಂತು, ಕಥೆಗೆ ಬೇಕಾಗಿದ್ದೇ ಅಷ್ಟು ಅನ್ನೋದು ಎಚ್‌ಬಿಓ ಕೊಟ್ಟ ಸಮಜಾಯಿಷಿ. ಈಗ ಗೇಮ್ ಆಫ್ ಥ್ರೋನ್ಸ್ ಕಾಲದ ಅಚ್ಚು ನೆನಪಿಸಿಕೊಳ್ಳಿ. ನೆಡ್ ಸ್ಟಾರ್ಕ್ ತಲೆ ಹೋಗಿದ್ದು ಮೊದಲ ಸೀಸನ್ನಿನ ಒಂಬತ್ತನೇ ಎಪಿಸೋಡಲ್ಲಿ. ಬ್ಲಾಕ್‌ವಾಟರ್ ಕಾಳಗ ಎರಡನೇ ಸೀಸನ್ನಿನ ಒಂಬತ್ತು. ಮದುವೆ ಮನೇಲಿ ರಕ್ತ ಹರಿದಿದ್ದು ಮೂರರ ಒಂಬತ್ತು. ಗೋಡೆ ಮೇಲಿನ ಯುದ್ಧ ನಾಲ್ಕರ ಒಂಬತ್ತು, ಜಾನ್ ಸ್ನೋ ಹೆಣಗಳ ರಾಶಿ ಕೆಳಗೆ ಉಸಿರುಗಟ್ಟಿದ್ದು ಆರರ ಒಂಬತ್ತು. ಒಂಬತ್ತರಲ್ಲಿ ಏಟು, ಹತ್ತರಲ್ಲಿ ಆ ಏಟಿನ ನೋವು ಮತ್ತೆ ಮುಂದಿನ ಸೀಸನ್ನಿಗೆ ಒಂದು ಕಿಟಕಿ. ಹಾಗಾದ್ರೆ ಎಂಟನೇದರ ಕೆಲಸ ಏನು? ಎಲ್ಲರನ್ನೂ ಅವರವರ ಜಾಗಕ್ಕೆ ತಂದು ನಿಲ್ಲಿಸೋದು, ಹೊಸ ಶತ್ರುನ ಪರಿಚಯ ಮಾಡಿಸೋದು, ಹಡಗು ಹೊರಡಿಸೋದು. ಈಗ ಆ ಕೊನೇ ಎಪಿಸೋಡನ್ನ ಇನ್ನೊಂದ್ಸಲ ನೋಡಿ, ಕೆಸರು ಕುಸ್ತಿಯಿಂದ ಹಿಡಿದು ಸೈನ್ಯಗಳ ಮೆರವಣಿಗೆ ತನಕ ಹತ್ತರ ಸೀಸನ್ನಿನ ಒಳ್ಳೇ ಎಂಟನೇ ಎಪಿಸೋಡ್ ಹೇಗಿರ್ಬೇಕೋ ಹಾಗೇ ಇದೆ. ತಪ್ಪಾಗಿದ್ದು ಅದರ ನಂಬರಲ್ಲಿ. ಒಂಬತ್ತು ಹತ್ತು ಇಲ್ಲದ ಸೀಸನ್ನಿಗೆ ಅದನ್ನೇ ಕೊನೆ ಅಂತ ಕೊಟ್ರು.

ಗಲೆಟ್ ಅನ್ನೋ ಜಲಸಂಧೀಲಿ ನಡೆಯೋ ನೌಕಾ ಯುದ್ಧ ಅದರ ಮುಂದೆ ಬರಬೇಕಿತ್ತು. ಅದನ್ನ ಮೂರನೇ ಸೀಸನ್ನಿಗೆ ಯಾಕೆ ತಳ್ಳಿದ್ರಿ ಅಂದಿದ್ದಕ್ಕೆ ಶೋ ಜವಾಬ್ದಾರಿ ಹೊತ್ತಿರೋ ರಯಾನ್ ಕಾಂಡಲ್ ಹೇಳಿದ್ದರ ಸಾರ ಇಷ್ಟು, ಅದು ಭಾರೀ ದೊಡ್ಡ ಯುದ್ಧ, ಸರಿಯಾಗಿ ಮಾಡೋಕೆ ಟೈಮು, ಸಂಪನ್ಮೂಲ ಬೇಕು, ಅರ್ಧಂಬರ್ಧ ಮಾಡೋದು ಬೇಡ ಅನ್ನಿಸ್ತು ಅಂತ. ಮಾತು ಪ್ರಾಮಾಣಿಕವಾಗೇ ಇದೆ. ಮೊದಲ ಸೀಸನ್ನಿಗೇ ಒಂದೊಂದು ಎಪಿಸೋಡಿಗೆ ಸುಮಾರು 2 ಕೋಟಿ ಡಾಲರ್ ಹತ್ರ ಖರ್ಚಾಗಿದೆ ಅಂತ ವರದಿ ಇತ್ತು, ಎರಡನೇ ಸೀಸನ್ನಿನ ನಾಲ್ಕನೇ ಎಪಿಸೋಡಲ್ಲಿ ರೂಕ್ಸ್ ರೆಸ್ಟ್ ಅನ್ನೋ ಜಾಗದಲ್ಲಿ ಮೂರು ಡ್ರಾಗನ್ ಕಾದಾಡಿದ್ದು ನೋಡಿದೋರಿಗೆ ದುಡ್ಡು ಎಲ್ಲಿ ಹೋಯ್ತು ಅಂತ ಕೇಳಬೇಕಾಗಿಲ್ಲ. ಸಮುದ್ರ, ಹಡಗು, ಬೆಂಕಿ, ಡ್ರಾಗನ್ ನಾಲ್ಕೂ ಒಟ್ಟಿಗೆ ಅಂದ್ರೆ ಗ್ರಾಫಿಕ್ಸ್ ಮಾಡೋರ ಜೀವ ಹೋಗುತ್ತೆ. ಆದ್ರೆ ಈ ಉತ್ತರ ಯುದ್ಧದ ಪ್ರಶ್ನೆಗೆ ಮಾತ್ರ ಸರಿಹೋಗುತ್ತೆ. ಖಾಲಿ ಹಾಸಿಗೆ ಮುಂದೆ ನಿಂತ ತಾಯಿನ ತೋರಿಸೋಕೆ ಗ್ರಾಫಿಕ್ಸ್ ಬೇಕಾ? ರೇನಾ ಡ್ರಾಗನ್ ಹತ್ತೋಳೋ ಇಲ್ವೋ ಅಂತ ಹೇಳೋಕೆ ಇನ್ನೂರು ಹಡಗು ಬೇಕಾ?

ಬರಹಗಾರರ ಮುಷ್ಕರದ ಮೇಲೂ ಕೆಲವರು ತಪ್ಪು ಹೊರಿಸ್ತಾರೆ. ಅಮೆರಿಕದ ಬರಹಗಾರರು 2023ರ ಮೇ 2ರಿಂದ ಸೆಪ್ಟೆಂಬರ್ 27ರ ತನಕ ಕೆಲಸ ನಿಲ್ಲಿಸಿದ್ರು. ಈ ಸೀರೀಸಿನ ಶೂಟಿಂಗು ನಡೆಯೋದು ಬ್ರಿಟನ್ ಕಡೆ, ನಟರು ಅಲ್ಲಿನ ಯೂನಿಯನ್ನೋರು, ಸ್ಕ್ರಿಪ್ಟು ಮೊದಲೇ ರೆಡಿ ಇತ್ತು, ಹಾಗಾಗಿ ಬೇರೆಯೋರೆಲ್ಲ ಶಟರ್ ಎಳೆದಾಗ ಇವರ ಕೆಲಸ ಮಾತ್ರ ನಡೀತಾನೇ ಇತ್ತು. ಒಳ್ಳೇದಾಯ್ತು ಅಂದ್ಕೊಂಡ್ವಿ. ಆದ್ರೆ ಸೆಟ್ಟಲ್ಲಿ ನಿಂತು ಈ ಸೀನ್ ಸಪ್ಪೆ ಆಯ್ತು, ಈ ಡೈಲಾಗ್ ಬದಲಾಯಿಸೋಣ ಅಂತ ಪೆನ್ ಹಿಡಿಯೋರು ಇಲ್ಲ. ಸೀರಿಯಲ್ ಸೆಟ್ ಒಂದ್ಸಲ ನೋಡಿದೋರಿಗೆ ಗೊತ್ತಿರುತ್ತೆ, ಎಷ್ಟೋ ಒಳ್ಳೇ ಮಾತು ಶಾಟಿಗೆ ಹತ್ತು ನಿಮಿಷ ಮುಂಚೆ ಹುಟ್ಟೋದು. ಅದು ತಪ್ಪಿ ಹೋಗಿದ್ದು ನಷ್ಟನೇ, ಆದ್ರೂ ಎಂಟು ಎಪಿಸೋಡ್ ಅನ್ನೋದು ಮುಷ್ಕರಕ್ಕೆ ಮುಂಚೇನೇ ಗೊತ್ತಿದ್ದ ವಿಷಯ, ಆಕಾರ ಕೆಟ್ಟಿದ್ದಕ್ಕೆ ಮುಷ್ಕರದ ಕಡೆ ಬೆರಳು ತೋರಿಸೋಕಾಗಲ್ಲ.

ನೋಡೋರ ಸಂಖ್ಯೆ ಕೇಳಿದ್ರೆ ಇನ್ನೊಂದು ತಮಾಷೆ. ಅಮೆರಿಕದಲ್ಲಿ ಈ ಸೀಸನ್ನಿನ ಮೊದಲ ಎಪಿಸೋಡನ್ನ ಆವತ್ತೇ ನೋಡಿದೋರು 78 ಲಕ್ಷ, ಕೊನೇದನ್ನ ನೋಡಿದೋರು 89 ಲಕ್ಷ, ಸೀಸನ್ನಲ್ಲೇ ಜಾಸ್ತಿ. ಅದಕ್ಕೂ ಕೆಲವು ದಿನ ಮುಂಚೆ ಕೊನೇ ಎಪಿಸೋಡಿನ ತುಣುಕುಗಳು ಆನ್‌ಲೈನಲ್ಲಿ ಲೀಕ್ ಆಗಿದ್ವು, ಆದ್ರೂ ಜನ ಕಮ್ಮಿ ಆಗ್ಲಿಲ್ಲ. ಕಂಪನಿ ಲೆಕ್ಕದಲ್ಲಿ ಇದು ಗೆಲುವು. ನಿರಾಸೆ ಅನ್ನೋದು ಆ ಅಂಕಿಯಲ್ಲಿ ಬೀಳಲ್ಲ, ಅದು ಬೀಳೋದು ಮುಂದಿನ ಸೀಸನ್ನಿನ ಮೊದಲ ದಿನ ಎಷ್ಟು ಜನ ಬೆಳಗ್ಗೆ ಆರೂವರೆಗೆ ಎದ್ದು ಕೂರ್ತಾರೆ ಅನ್ನೋದರಲ್ಲಿ.

ಇಲ್ಲೇ ಈ ವಿಷಯ ಒಂದು ಸೀರೀಸಿಗಿಂತ ದೊಡ್ಡದಾಗೋದು. ಸಪ್ಪೆ ಎಪಿಸೋಡ್ ಬರೋದು ಹೊಸದೇನಲ್ಲ. ನಮ್ಮ ಕನ್ನಡ ಧಾರಾವಾಹಿಗಳಲ್ಲಿ ವಾರಕ್ಕೆ ಎರಡಾದ್ರೂ ಬರುತ್ತೆ, ಮಂಗಳವಾರ ಪೂರ್ತಿ ಒಂದು ಕಾಫಿ ಲೋಟದ ಮೇಲೆ ಕಳೆದು ಹೋಗಿರುತ್ತೆ, ಅಮ್ಮಂದಿರು ಇವತ್ತೇನೂ ಇರ್ಲಿಲ್ಲ ಅಂತ ಎದ್ದು ಅನ್ನಕ್ಕಿಡೋಕೆ ಹೋಗ್ತಾರೆ, ಬುಧವಾರ ಸರಿ ಹೋಗುತ್ತೆ. ನಿರಾಸೆಗೆ ಇಪ್ಪತ್ನಾಲ್ಕು ಗಂಟೆ ಆಯಸ್ಸು. ಗೇಮ್ ಆಫ್ ಥ್ರೋನ್ಸಲ್ಲೂ 2011ರಿಂದ 2016ರ ತನಕ ಪ್ರತಿ ವರ್ಷ ಹತ್ತತ್ತು ಎಪಿಸೋಡ್ ಬಂತು, ಸೀಸನ್ ಕೊನೆ ಒಂಚೂರು ಸಪ್ಪೆ ಆದ್ರೂ ಮುಂದಿನ ಬೇಸಿಗೇಲಿ ವಾಪಸ್. ಈಗ ಹೌಸ್ ಆಫ್ ದ ಡ್ರಾಗನ್ ಸೀಸನ್ನುಗಳು 2022, 2024, 2026. ಸ್ಟ್ರೇಂಜರ್ ಥಿಂಗ್ಸ್ ನಾಲ್ಕನೇ ಸೀಸನ್ 2022ರಲ್ಲಿ ಬಂದು ಐದನೇದು 2025ರ ಕೊನೇಗೆ ಬಂತು, ಸೆವೆರೆನ್ಸ್ ಮೊದಲನೇದಕ್ಕೂ ಎರಡನೇದಕ್ಕೂ ಮಧ್ಯೆ ಹತ್ತತ್ರ ಮೂರು ವರ್ಷ. ಎಪಿಸೋಡ್ ಕಮ್ಮಿ, ಗ್ಯಾಪ್ ಜಾಸ್ತಿ, ಒಂದೊಂದಕ್ಕೂ ಸಿನಿಮಾ ಥರ ಖರ್ಚು. ಕಮ್ಮಿ ಎಪಿಸೋಡ್ ಇದ್ದಾಗ ಒಂದು ಸೋತ್ರೂ ಸೀಸನ್ನಿನ ಎಂಟನೇ ಒಂದು ಭಾಗ ಹೋಯ್ತು, ಅದು ಕೊನೇದಾದ್ರೆ ಅದರ ರುಚಿನೇ ಎರಡು ವರ್ಷ ಬಾಯಲ್ಲಿ ಉಳಿಯುತ್ತೆ. ಹೌಸ್ ಆಫ್ ದ ಡ್ರಾಗನ್‌ನ ಇದೇ ಎರಡನೇ ಸೀಸನ್ನಿನ ಐದನೇ ಎಪಿಸೋಡೂ ನಿಧಾನವಾಗೇ ಇತ್ತು, ಯಾರಿಗಾದ್ರೂ ನೆನಪಿದ್ಯಾ? ಒಂದೇ ವಾರದಲ್ಲಿ ಮರೆತಿದ್ವಿ.

ಗಾಯದ ಮೇಲೆ ಉಪ್ಪು ಸವರೋ ಹಾಗೆ ಕಥೆಯ ಮೂಲ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಕೂಡ 2024ರ ಸೆಪ್ಟೆಂಬರಲ್ಲಿ ತಮ್ಮ ಬ್ಲಾಗಲ್ಲಿ ಅಸಮಾಧಾನ ಬರೆದು, ಸ್ವಲ್ಪ ಹೊತ್ತಲ್ಲೇ ಆ ಬರಹ ಅಲ್ಲಿಂದ ಮಾಯ ಆಯ್ತು. ಅವರ ತಕರಾರು ಈ ಕೊನೇ ಎಪಿಸೋಡಿನ ಮೇಲಲ್ಲ, ಪುಸ್ತಕದಲ್ಲಿರೋ ಏಗಾನ್‌ನ ಚಿಕ್ಕ ಮಗ ಮೇಲೋರ್‌ನ ಕೈಬಿಟ್ಟಿದ್ದಕ್ಕೆ. ಅಷ್ಟು ಪುಟ್ಟ ಮಗು, ಅದರಿಂದ ಏನು ಮಹಾ ಅಂತ ಅನ್ನಿಸ್ಬಹುದು. ಆ ಮಗು ಇಲ್ದಿದ್ರೆ ಮೊದಲ ಎಪಿಸೋಡಲ್ಲಿ ಏಗಾನ್ ಹೆಂಡತಿ ಹೆಲೇನಾ ಯಾವ ಮಗನನ್ನ ಉಳಿಸ್ಲಿ ಅಂತ ಆರಿಸಬೇಕಾದ ಘೋರ ಸೀನ್ ಬೇರೇನೋ ಆಗುತ್ತೆ, ಅದು ಬೇರೆ ಆದ್ರೆ ಮುಂದೆ ಅವಳು ಒಳಗೊಳಗೇ ಕುಸಿಯೋದಕ್ಕೆ ಕಾರಣ ಸಾಕಾಗಲ್ಲ, ಹೀಗೆ ಒಂದಕ್ಕೊಂದು ಕೊಂಡಿ. ಪುಸ್ತಕಕ್ಕೆ ಅಂಟಿಕೊಂಡೇ ಇರಬೇಕು ಅನ್ನೋನಲ್ಲ ನಾನು, ಗುಡಿಯಲ್ಲಿ ಇಬ್ಬರು ಗೆಳತಿಯರು ಭೇಟಿ ಆಗೋದೇ ಪುಸ್ತಕದಲ್ಲಿ ಇಲ್ಲ, ಅದು ಸೀರೀಸಿನೋರು ಮಾಡಿದ್ದು, ಚೆನ್ನಾಗೂ ಇದೆ. ಆದ್ರೆ ಮಾರ್ಟಿನ್ ಹೇಳ್ತಿರೋದೂ ಕೊನೇಗೆ ಇದೇ, ಒಂದು ನಿರ್ಧಾರಕ್ಕೆ ಬೆಲೆ ಇರ್ಬೇಕು, ಆ ಬೆಲೆ ಯಾರಾದ್ರೂ ಕಟ್ಟೋದು ಕಾಣ್ಬೇಕು.

ಬೈಯೋ ಭರದಲ್ಲಿ ಎಪಿಸೋಡ್ ಬರೆದ ಸಾರಾ ಹೆಸ್ ಮೇಲೆ ವೈಯಕ್ತಿಕವಾಗಿ ಮುಗಿಬಿದ್ದೋರೂ ಇದ್ದಾರೆ, ಅದು ನಂಗೆ ಹಿಡಿಸ್ಲಿಲ್ಲ. ಆಲಿಸೆಂಟ್ ಸೀನ್ ಬರೆದೋರೂ ಅವರೇ ತಾನೇ? ಸೀಸನ್ ಎಷ್ಟು ಉದ್ದ ಅನ್ನೋದು, ಯುದ್ಧ ಯಾವ ವರ್ಷದ ಬಜೆಟ್ಟಿಗೆ ಹೋಗ್ಬೇಕು ಅನ್ನೋದು ಒಂದು ಎಪಿಸೋಡ್ ಬರೆಯೋರ ಟೇಬಲ್ ಮೇಲೆ ನಿರ್ಧಾರ ಆಗಲ್ಲ.

ಇನ್ನು ಮೂರನೇ ಸೀಸನ್. ಅದರ ಶೂಟಿಂಗ್ 2025ರ ಮಾರ್ಚಲ್ಲಿ ಶುರುವಾಯ್ತು, ಗಲೆಟ್ ಯುದ್ಧ ಅದರ ಪಾಲಿಗೆ ಬಂದಿದೆ, ಅಂದ್ರೆ ನಮಗೆ ಬಾಕಿ ಇದ್ದ ಏಟು ಶುರುವಲ್ಲೇ ಸಿಗ್ಬೇಕು. ನಾಲ್ಕನೇ ಸೀಸನ್ನಿಗೆ ಕಥೆ ಮುಗಿಯುತ್ತೆ ಅಂತ ಕಾಂಡಲ್ ಹೇಳಿಬಿಟ್ಟಿದ್ದಾರೆ. ಯುದ್ಧ ಚೆನ್ನಾಗೇ ಮಾಡಿರ್ತಾರೆ, ಅದರಲ್ಲಿ ನಂಗೆ ಅನುಮಾನ ಇಲ್ಲ, ರೂಕ್ಸ್ ರೆಸ್ಟ್ ಮಾಡಿದ ಕೈಗಳು ಅವು. ನಾನು ನೋಡೋದು ಬೇರೆ. ಈ ಸಲಾನೂ ಎಂಟೇ ಎಪಿಸೋಡು, ಅದರ ಎಂಟನೇದನ್ನ ಎಂಟನೇದು ಅಂತ ಬರೆದಿದ್ದಾರೋ ಕೊನೇದು ಅಂತ ಬರೆದಿದ್ದಾರೋ? ಆಲಿಸೆಂಟ್ ಆ ಖಾಲಿ ಹಾಸಿಗೆ ಮುಂದೆ ನಿಲ್ಲೋದನ್ನ ತೋರಿಸ್ತಾರೋ, ಇಲ್ಲ ಎರಡು ವರ್ಷ ಆಯ್ತಲ್ಲ ಜನ ಮರೆತಿರ್ತಾರೆ ಅಂತ ಹಡಗಿನ ಬೆಂಕೀಲಿ ಅದನ್ನ ದಾಟಿಸಿಬಿಡ್ತಾರೋ?